ಎರಡು ಭಾಷೆಯ ಊರಲ್ಲಿ ಮಾತು ತಡವಾದ ಮಕ್ಕಳು

ಹುಪರಿ: ಬೆಳ್ಳಿಯ ಊರು ಎಂದು ನಮ್ಮ ಹುಪರಿಗೆ ದೇಶದ ತುಂಬ ಹೆಸರಿದೆ. ಇಲ್ಲಿಯ ಕಾಲ್ಗೆಜ್ಜೆ ಹೋಗದ ಊರಿಲ್ಲ. ಮುಂಜಾನೆ ತೂಕ ಮಾಡಿ ಕೊಟ್ಟ ಬೆಳ್ಳಿಯಲ್ಲಿ ಸಂಜೆಗೆ ಒಂದು ಗ್ರಾಂ ಕಡಿಮೆ ಬಂದರೂ ತಕ್ಕಡಿಯ ಮುಂದೆ ಗೊತ್ತಾಗಿಬಿಡುತ್ತದೆ. ಆದರೆ ಅದೇ ಮನೆಯಲ್ಲಿ ಎರಡು ವರ್ಷದ ಕೂಸು ಹೆಸರು ಹಿಡಿದು ಕರೆದರೆ ಹೊಳ್ಳಿ ನೋಡುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಮೊದಲು ಆಡುತ್ತಿದ್ದ ನಾಲ್ಕು ಮಾತನ್ನೂ ಬಿಟ್ಟಿದೆ ಎಂಬುದು ಮಾತ್ರ ಐದಾರು ವರ್ಷದ ತನಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಾಲಿಗೆ ಹಾಕಿದ ಮೇಲೆ ಬಾಯಿ (ಶಿಕ್ಷಕಿ) ಕರೆಸಿ ಹೇಳಿದಾಗಲೇ ಮನೆಯವರಿಗೆ ಎಚ್ಚರ.

ಇಷ್ಟು ತಡವಾಗುವುದೇಕೆ? ಓಣಿಯಲ್ಲಿ ಮೂರು ಮಾತು ಕೇಳುತ್ತೇವೆ. ಒಂದು, "ಗಂಡು ಹುಡುಗರು ತಡಾ ಮಾಡೇ ಮಾತಾಡತಾವ ಬಿಡ್ರಿ." ಎರಡು, "ಅವರಪ್ಪನೂ ನಾಕ ವರ್ಷಕ್ಕ ಬಾಯಿ ಬಿಟ್ಟಿದ್ದ." ಮೂರನೆಯದು ನಮ್ಮ ಗಡಿಯ ಕನ್ನಡ ಮನೆಗಳಿಗೇ ಮೀಸಲಾದ ಮಾತು: "ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ಟಿವ್ಯಾಗ ಹಿಂದಿ, ಸಾಲ್ಯಾಗ ಇಂಗ್ಲಿಷ್. ಕೂಸಿನ ತಲಿ ಗೊಂದಲ ಆಗೇತ್ರಿ, ಒಂದs ಭಾಷಾ ಇಟ್ಕೋರಿ." ಮೊದಲ ಎರಡನ್ನು ಅಜ್ಜಿಯರು ಹೇಳುತ್ತಾರೆ, ಕ್ಷಮಿಸಬಹುದು. ಮೂರನೆಯದನ್ನು ಕಲಿತವರು ಹೇಳುತ್ತಾರೆ. ಶಿಕ್ಷಕರು ಹೇಳುತ್ತಾರೆ, ಕೆಲವು ಡಾಕ್ಟರರೂ ಹೇಳುತ್ತಾರೆ. ಹೆಚ್ಚು ಹಾನಿ ಮಾಡುತ್ತಿರುವುದು ಇದೇ ಎಂಬುದು ಈ ಲೇಖನದ ವಾದ.

ಎರಡು ಭಾಷೆ ಕೇಳಿ ಮಕ್ಕಳು ಮೂಕರಾಗುವುದಾದರೆ ನಿಪ್ಪಾಣಿಯಿಂದ ಅಕ್ಕಲಕೋಟೆಯ ತನಕ, ಇತ್ತ ಬಳ್ಳಾರಿಯಿಂದ ಕಾಸರಗೋಡಿನ ತನಕ ಇರುವ ಇಡೀ ಗಡಿಪಟ್ಟಿ ಇಷ್ಟೊತ್ತಿಗೆ ಮೂಕವಾಗಬೇಕಿತ್ತು. ನಮ್ಮಲ್ಲಿ ಮಾತಿಗೆ ಕೊರತೆಯಿದೆ ಎಂದು ಯಾರೂ ದೂರಿಲ್ಲ! ಎರಡು ಭಾಷೆಯ ಮಗು ಒಂದೇ ವಾಕ್ಯದಲ್ಲಿ "ಅವ್ವಾ, ಪಾಣಿ ಕೊಡು" ಎಂದು ಬೆರೆಸಿ ಮಾತಾಡೀತು. ಅದು ರೋಗವಲ್ಲ, ಸಹಜ. ಒಂದೊಂದು ಭಾಷೆಯಲ್ಲಿ ಶಬ್ದ ಸ್ವಲ್ಪ ಕಡಿಮೆ ಇರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಒಂದು ಭಾಷೆಯ ಮಗುವಿನಷ್ಟೇ ಇರುತ್ತವೆ. ಆಟಿಸಂ ಇರುವ ಮಕ್ಕಳ ಮೇಲೂ ಬೇರೆ ಬೇರೆ ದೇಶಗಳಲ್ಲಿ ಅಭ್ಯಾಸಗಳಾಗಿವೆ. ಎರಡು ಭಾಷೆಯ ಮನೆಯಲ್ಲಿ ಬೆಳೆದದ್ದರಿಂದ ಅವರ ಮಾತು ಇನ್ನಷ್ಟು ಹಿಂದೆ ಬಿತ್ತು ಎಂದು ಆ ಅಭ್ಯಾಸಗಳಲ್ಲಿ ಕಂಡುಬಂದಿಲ್ಲ.

ಹೀಗಿರುವಾಗ "ಮರಾಠೀನs ಮಾತಾಡ್ರಿ, ಇಲ್ಲಾ ಇಂಗ್ಲಿಷ್ ಮಾತಾಡ್ರಿ" ಎಂದು ತಾಯಿಗೆ ಹೇಳಿದರೆ ಏನಾಗುತ್ತದೆ? ಚಿಕ್ಕೋಡಿ ಕಡೆಯಿಂದಲೋ ರಾಯಬಾಗ ಕಡೆಯಿಂದಲೋ ಸೊಸೆಯಾಗಿ ಬಂದ ಹೆಣ್ಣುಮಗಳ ಮರಾಠಿ ಸಂತೆಯ ಮಟ್ಟಿಗಿನದು. ಕಾಯಿಪಲ್ಲೆ ಚೌಕಾಶಿ ಮಾಡಲು ಸಾಕು. ಕೂಸನ್ನು ಮುದ್ದು ಮಾಡಲು, ಸಿಟ್ಟು ಮಾಡಲು, ತೊಡೆಯ ಮೇಲೆ ಕೂಡಿಸಿಕೊಂಡು ಹಾಡಲು ಸಾಲದು. ಡಾಕ್ಟರ ಮಾತು ಕೇಳಿದ ಆಕೆ ಮನೆಯಲ್ಲಿ ಮಾತನ್ನೇ ಕಡಿಮೆ ಮಾಡುತ್ತಾಳೆ. ಅಜ್ಜಿಗಂತೂ ಬಾಯಿಗೆ ಬೀಗ. ಮಾತು ಹೆಚ್ಚು ಹೆಚ್ಚು ಕಿವಿಗೆ ಬೀಳಬೇಕಾದ ಮಗುವಿನ ಸುತ್ತ ಮೌನ ಬೆಳೆಯುತ್ತದೆ. ಆ ಮೌನದಲ್ಲಿ ಮೊಬೈಲು ಒಂದೇ ಮಾತಾಡುತ್ತಿರುತ್ತದೆ. ಔಷಧವೆಂದು ಕೊಟ್ಟದ್ದೇ ಊಟ ತಪ್ಪಿಸಿದಂತಾಯಿತು.

ಇನ್ನೊಂದು ಹಾನಿ ಕಾಲದ್ದು. "ಭಾಷೆಯ ಗೊಂದಲ" ಎಂದು ಸಮಾಧಾನ ಮಾಡಿಕೊಂಡ ಮನೆಯವರು ಎರಡು ವರ್ಷ ದವಾಖಾನೆಗೆ ಹೋಗುವುದಿಲ್ಲ. ಹೋಗಬೇಕಾದ ವಯಸ್ಸು ಅದೇ. ಒಂದು ವರ್ಷ ತುಂಬುವುದರೊಳಗೆ ಹೆಸರಿಗೆ ಓಗೊಡಬೇಕು. ಹದಿನೆಂಟು ತಿಂಗಳಿಗೆ ಬಿಡಿ ಶಬ್ದಗಳು, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸಿದ ಮಾತು ಬರಬೇಕು. ಇದು ಯಾವ ಭಾಷೆಯ ಮನೆಯಾದರೂ ಬದಲಾಗದ ಲೆಕ್ಕ. ಬಂದ ಮಾತು ಹೋಯಿತೆಂದರೆ ಯಾವ ವಯಸ್ಸಿನಲ್ಲೂ ತಡ ಮಾಡಬಾರದು. ಮೊದಲು ಕಿವಿಯ ಪರೀಕ್ಷೆ ಆಗಬೇಕು. ತಟ್ಟೆ ಬಾರಿಸಿದಾಗ ಹೊಳ್ಳಿ ನೋಡಿತು, ಕಿವಿ ಸರಿಯಿದೆ ಎನ್ನುವುದು ಪರೀಕ್ಷೆಯಲ್ಲ.

ಇಲ್ಲಿ ಹೆಸರುಗಳ ಬಗ್ಗೆ ಎರಡು ಮಾತು. ನಮ್ಮ ಕಡೆ ಎಲ್ಲಕ್ಕೂ "ಮತಿಮಂದ" ಎಂಬ ಒಂದೇ ಚೀಟಿ ಅಂಟಿಸುವ ರೂಢಿ. ಆಟಿಸಂ ಬೇರೆ, ಬುದ್ಧಿಶಕ್ತಿಯ ಬೆಳವಣಿಗೆ ಹಿಂದೆ ಬೀಳುವುದು ಬೇರೆ, ಎಡಿಎಚ್‌ಡಿ ಎನ್ನುವ ಗಮನ ನಿಲ್ಲದ ಚಂಚಲ ಸ್ವಭಾವ ಬೇರೆ, ಓದು ಬರಹ ಲೆಕ್ಕ ಮಾತ್ರ ಕೈಗೆ ಹತ್ತದ ಕಲಿಕಾ ನ್ಯೂನತೆ ಬೇರೆ. ಒಂದೇ ಮಗುವಿನಲ್ಲಿ ಎರಡು ಕೂಡಿ ಇರಲೂಬಹುದು. ಇವು ಕೆಟ್ಟ ಹವ್ಯಾಸಗಳಲ್ಲ, ತಾಯಿಯ ತಪ್ಪಲ್ಲ, ಗ್ರಹಣದಲ್ಲಿ ಹೊರಗೆ ಬಂದ ಫಲವೂ ಅಲ್ಲ. ಮೆದುಳು ಬೆಳೆಯುವ ರೀತಿಯೇ ಬೇರೆ. ಇದು ಅಪರೂಪದ ಸಂಗತಿಯೂ ಅಲ್ಲ. ದೇಶದ ಐದು ಕಡೆ (ನಮ್ಮ ನೆರೆಯ ಉತ್ತರ ಗೋವಾ ಅದರಲ್ಲಿ ಒಂದು) 2ರಿಂದ 9 ವರ್ಷದ ಸುಮಾರು 4 ಸಾವಿರ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಿವಿ, ಕಣ್ಣು, ಮೂರ್ಛೆ ರೋಗದ ತೊಂದರೆಗಳನ್ನೂ ಸೇರಿಸಿ, ಸುಮಾರು ಎಂಟು ಮಕ್ಕಳಲ್ಲಿ ಒಂದಕ್ಕೆ ಇಂಥ ಯಾವುದಾದರೂ ತೊಂದರೆ ಕಂಡುಬಂದಿತ್ತು. ನಿಮ್ಮ ಓಣಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಲೆಕ್ಕ ಹಾಕಿ ನೋಡಿರಿ.

ಪರೀಕ್ಷೆ ಯಾವ ಭಾಷೆಯಲ್ಲಿ?

2013ರ ಫೆಬ್ರುವರಿಯಲ್ಲಿ ಇದೇ ಮಹಾರಾಷ್ಟ್ರದ ಪಾಲಘರದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಅದರ ಪ್ರಕಾರ ಅಂಗಣವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ತಪಾಸಣಾ ತಂಡ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲು, ರಕ್ತಹೀನತೆ ಇದ್ದಂತೆ ಬೆಳವಣಿಗೆಯ ವಿಳಂಬವೂ ಇದೆ. ಸಂಶಯ ಬಂದ ಮಗುವನ್ನು ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕೆಂಬುದು ಯೋಜನೆ. ಖಾಸಗಿ ಬಾಲವಾಡಿಗೆ ಹಾಕಿದ ಮಕ್ಕಳು ಈ ಬಲೆಯಿಂದ ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಇಂಗ್ಲಿಷ್ ಮಾಧ್ಯಮದ ಹಿಂದೆ ಬಿದ್ದವರು ನೆನಪಿಡಬೇಕು.

ಸರಿ, ತಂಡ ಬಂತು, ಮಗುವನ್ನು ಮುಂದೆ ಕಳಿಸಿತು ಎನ್ನೋಣ. ಆಟಿಸಂ ಎಷ್ಟಿದೆ ಎಂದು ಅಳೆಯಲು ಸರಕಾರ 2016ರಲ್ಲಿ ಗೊತ್ತುಪಡಿಸಿದ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಅದರಲ್ಲಿ ಮಾತು ಮತ್ತು ಸಂವಹನದ್ದೇ ಒಂದು ವಿಭಾಗ. ಮಗು ಕೇಳಿದ ಮಾತನ್ನೇ ತಿರುಗಿ ಹೇಳುತ್ತದೆಯೇ, ಎದುರಿನವರ ಜೊತೆ ಮಾತು ಮುಂದುವರಿಸುತ್ತದೆಯೇ ಎಂದು ನೋಡಬೇಕು. ಕನ್ನಡ ಮಾತ್ರ ಬಲ್ಲ ಕೂಸಿಗೆ ಮರಾಠಿಯಲ್ಲಿ ಕೇಳಿದರೆ ಅದು ಸುಮ್ಮನೆ ಮುಖ ನೋಡೀತು. ಅದು ಆಟಿಸಂ ಎಂದು ಬರೆದರೂ ತಪ್ಪು, "ಭಾಷೆ ತಿಳಿಯಲಿಲ್ಲ, ಅಷ್ಟೇ" ಎಂದು ಬಿಟ್ಟರೂ ತಪ್ಪು. ಓದುವ ತೊಂದರೆಯಂತೂ ಇನ್ನೂ ಕಠಿಣ. ಮೂರನೇ ಇಯತ್ತೆಯಲ್ಲಿ ಮರಾಠಿ ಓದಲು ಬಾರದ ಕನ್ನಡ ಹುಡುಗನಿಗೆ ಕಲಿಕಾ ನ್ಯೂನತೆ ಇದೆಯೋ, ಮನೆಯಲ್ಲಿ ಆ ಭಾಷೆಯೇ ಇಲ್ಲವೋ? ಎರಡೂ ಭಾಷೆ ಬಲ್ಲವರು ಕೂತು ನೋಡದೆ ಇದು ತೀರ್ಮಾನವಾಗದು.

ಕನ್ನಡದಲ್ಲಿ ಈ ಕೆಲಸ ಮಾಡುವವರು ಇಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸದಲ್ಲಿದೆ. ದೂರದವರಿಗಾಗಿ ವಿಡಿಯೊ ಮೂಲಕ ಸೇವೆ ಕೊಡುವ ವಿಭಾಗವೂ ಅಲ್ಲಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕಾಗಲ, ನಿಪ್ಪಾಣಿ, ಬೆಳಗಾವಿ ದಾಟಿದರೆ ಹೆದ್ದಾರಿಯ ಮೇಲೇ ಧಾರವಾಡ. ಅಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಇದೆ. ಮರಾಠಿ ಬಲ್ಲ ಮನೆಗಳಿಗೆ ಕೊಲ್ಹಾಪುರ ಹತ್ತಿರ. ಸಿಪಿಆರ್ ಆಸ್ಪತ್ರೆ ಇದೆ, ಶೇಂಡಾ ಪಾರ್ಕಿನಲ್ಲಿ ಬೌದ್ಧಿಕ ತೊಂದರೆಯ ಮಕ್ಕಳಿಗಾಗಿ ಚೇತನಾ ಸಂಸ್ಥೆಯ ಶಾಲೆ ಇದೆ. ನಮ್ಮ ಗೋಳು ಏನೆಂದರೆ ಹತ್ತಿರದ ಕಡೆ ಕನ್ನಡ ಬಲ್ಲವರು ಸಿಕ್ಕುವುದು ಅದೃಷ್ಟದ ಮಾತು, ಕನ್ನಡ ಬಲ್ಲವರು ಇರುವ ಕಡೆ ಹೋಗಲು ಒಂದು ದಿನದ ಕೂಲಿ ಮತ್ತು ಬಸ್ ಖರ್ಚು.

ಸಂವಿಧಾನದ 350 ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಪುಸ್ತಕಕ್ಕೆ, ಮಾಸ್ತರಿಗೆ ನಾವು ಈ ಕಲಮನ್ನು ಎತ್ತಿ ಹಿಡಿದಿದ್ದೇವೆ. ಮಾತೇ ಬಾರದ ಮಗುವಿಗೆ ಮಾತೃಭಾಷೆಯಲ್ಲಿ ಪರೀಕ್ಷೆ ಬೇಕೆಂದು ಗಡಿಯ ಯಾವ ಸಭೆಯಲ್ಲೂ ಠರಾವು ಆದದ್ದನ್ನು ಈ ಬರಹಗಾರ ಕೇಳಿಲ್ಲ.

ಕಾಗದದ ಗಡಿ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. 1995ರ ಹಳೆಯ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. ಹೊಸದರಲ್ಲಿ ಒಟ್ಟು 21 ವಿಧಗಳಿವೆ. ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ ಮೂರೂ ಸೇರಿವೆ. ಎಡಿಎಚ್‌ಡಿ ಮಾತ್ರ ಇಲ್ಲ, ಆ ಮಕ್ಕಳ ತಂದೆತಾಯಿ ಕಚೇರಿಯಿಂದ ಕಚೇರಿಗೆ ಅಲೆದು ಬರಿಗೈಲಿ ಬರುತ್ತಾರೆ.

ಗಡಿಯ ಮನೆಗಳು ತಿಳಿದುಕೊಳ್ಳಬೇಕಾದ ಕಲಮು 58. ಈ ಕಾಯ್ದೆಯಡಿ ಒಂದು ಕಡೆ ಕೊಟ್ಟ ಪ್ರಮಾಣಪತ್ರ ದೇಶದ ತುಂಬ ನಡೆಯುತ್ತದೆ ಎಂದು ಅಲ್ಲಿ ಸ್ಪಷ್ಟ ಬರೆದಿದೆ. ನಮ್ಮಲ್ಲಿ ಬಾಣಂತನ ತವರಿನಲ್ಲಿ ಆಗುತ್ತದೆ. ಕೂಸಿನ ಜನನ ದಾಖಲೆ ಚಿಕ್ಕೋಡಿಯದು, ಆಧಾರ ಹಾತಕಣಂಗಲೆ ತಾಲೂಕಿನದು. "ಇದು ಕರ್ನಾಟಕದ ಕಾಗದ, ಇಲ್ಲಿ ನಡೆಯುವುದಿಲ್ಲ" ಎಂದು ಕೌಂಟರಿನಲ್ಲಿ ಯಾರಾದರೂ ಅಂದರೆ ಈ ಕಲಮಿನ ಹೆಸರು ಹೇಳಿರಿ. ಆದರೆ ಪಿಂಚಣಿ, ಬಸ್ಸಿನ ರಿಯಾಯಿತಿ ಆಯಾ ರಾಜ್ಯದವು. ಮಹಾರಾಷ್ಟ್ರದಲ್ಲಿ ವಾಸ ಇರುವವರು ಸಂಜಯ ಗಾಂಧಿ ನಿರಾಧಾರ ಯೋಜನೆಗೆ ಇಲ್ಲೇ ಅರ್ಜಿ ಹಾಕಬೇಕು, ಎಸ್.ಟಿ. ಬಸ್ಸಿನ ರಿಯಾಯಿತಿ ಗಡಿಯಾಚೆಯ ಸಾರಿಗೆ ಬಸ್ಸಿಗೆ ಬರುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಅದರಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ, ಮೊದಲೇ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ಇಷ್ಟು ಒಳ್ಳೆಯ ಯೋಜನೆಯ ಹೆಸರನ್ನು ನಮ್ಮ ಎಷ್ಟು ಮನೆಗಳು ಕೇಳಿವೆ?

"ದಿವ್ಯಾಂಗ" ಎಂದು ಹೊಸ ಹೆಸರಿಟ್ಟಾಯಿತು. ಮಹಾರಾಷ್ಟ್ರ ಸರಕಾರ 2022ರ ಡಿಸೆಂಬರಿನಲ್ಲಿ ಪ್ರತ್ಯೇಕ ದಿವ್ಯಾಂಗ ಇಲಾಖೆಯನ್ನೇ ತೆರೆಯಿತು. ಹೆಸರು ಚೆಂದ ಇದೆ. ಅರ್ಜಿಯ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಲಾರದೆ ಕಿರುಚುವ ಮಗುವಿಗೆ ಹೆಸರಿಗಿಂತ ಕೂಡಲು ಒಂದು ಶಾಂತ ಕೋಣೆ ಬೇಕು.

ಅವ್ವನ ಕೂಲಿ ಯಾರು ಎಣಿಸಿದರು?

ಹುಪರಿಯ ಬೆಳ್ಳಿ ಕೆಲಸ ದೊಡ್ಡ ಕಾರಖಾನೆಯಲ್ಲಿ ಮಾತ್ರ ನಡೆಯುವುದಲ್ಲ, ಮನೆಮನೆಯ ಪಡಸಾಲೆಯಲ್ಲಿ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೂ ಕೂತು ಕಡಿ ಕೂಡಿಸುತ್ತಾರೆ, ಗೆಜ್ಜೆ ಜೋಡಿಸುತ್ತಾರೆ. ಇಚಲಕರಂಜಿಯ ಪವರ್‌ಲೂಮಿನಲ್ಲೂ ಅಷ್ಟೇ, ಮಾಡಿದಷ್ಟಕ್ಕೆ ಕೂಲಿ. ಇಂಥ ಕೆಲಸದಲ್ಲಿ ರಜೆ ಎಂಬುದಿಲ್ಲ. ವಾರಕ್ಕೆ ಎರಡು ದಿನ ಮಗುವನ್ನು ಥೆರಪಿಗೆ ಕರಕೊಂಡು ಹೋದರೆ ಆ ಎರಡು ದಿನದ ಕೂಲಿ ಹೋಯಿತು. ಉಳಿದ ದಿನವೂ ಮಗು ಬೆಸುಗೆಯ ಬೆಂಕಿಯ ಹತ್ತಿರ ಹೋಗದಂತೆ, ತಂತಿಯ ತುಂಡು ಬಾಯಿಗೆ ಹಾಕದಂತೆ ಒಂದು ಕಣ್ಣು ಅತ್ತ ಇಡಬೇಕು. ಅರ್ಧ ಕೆಲಸ, ಅರ್ಧ ಕೂಲಿ. ಸಂಜೆ ಲೆಕ್ಕದಲ್ಲಿ ಇದು "ಆಕಿ ಕೈ ನಿಧಾನ" ಎಂದಾಗುತ್ತದೆ.

ಕೂಲಿಗಿಂತ ಭಾರವಾದದ್ದು ಮಾತು. "ನಿನ್ನ ಹೊಟ್ಟಿ ಹಂಗೈತಿ", "ನಮ್ಮ ಮನೆತನದಾಗ ಇಂಥಾವು ಹುಟ್ಟಿಲ್ಲ" ಎಂಬ ಮಾತು ಕೇಳದ ತಾಯಿ ವಿರಳ. ಮದುವೆ ಮನೆಗೆ ಹೋಗುವುದು ಬಿಡುತ್ತಾಳೆ. ಪಟ್ಟಣಕೊಡೋಲಿಯ ಬೀರದೇವರ ಜಾತ್ರೆಯಲ್ಲಿ ಡೊಳ್ಳಿನ ಸಪ್ಪಳಕ್ಕೆ, ಮುಖಕ್ಕೆ ಬಂದು ಬೀಳುವ ಭಂಡಾರಕ್ಕೆ ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ಸುತ್ತ ನಿಂತವರು "ಗಾಳಿ ಹಿಡದೈತಿ" ಎನ್ನುತ್ತಾರೆ. ಗಾಳಿಯಲ್ಲ. ನಮಗೆ ಸಾಧಾರಣ ಎನಿಸುವ ಸಪ್ಪಳ ಕೆಲವು ಮಕ್ಕಳ ಕಿವಿಗೆ ಹತ್ತು ಪಟ್ಟಾಗಿ ಬೀಳುತ್ತದೆ. ಗದ್ದಲದಿಂದ ಪಕ್ಕಕ್ಕೆ ಕರಕೊಂಡು ಹೋಗಿ, ಸುಮ್ಮನೆ ಕೂತು, ಮಾತಾಡಿಸದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಗುಂಪು ಕೂಡಿ ಉಪದೇಶ ಮಾಡಿದರೆ ಇಳಿಯುವುದಿಲ್ಲ.

ದೇವರಿಗೆ ಹೋಗಬೇಡಿರೆಂದು ಹೇಳುವವರು ನಾವಲ್ಲ. ಚಿಂಚಲಿ ಮಾಯಕ್ಕನಿಗೆ ಹರಕೆ ಹೊರಿರಿ, ನರಸೋಬಾವಾಡಿಗೆ ಹೋಗಿ ಬನ್ನಿರಿ. ತಾಯಿಯ ಮನಸ್ಸಿಗೆ ಅಷ್ಟು ಆಸರೆ ಬೇಕು. ಮರುದಿನ ದವಾಖಾನೆಗೂ ಹೋಗಿರಿ ಎಂಬುದಷ್ಟೇ ನಮ್ಮ ಬಿನ್ನಹ. ಮೈಮೇಲೆ ಬರೆ ಹಾಕಿಸುವುದು, ಹೊಡೆದು ಬಿಡಿಸುವುದು ಮಾತ್ರ ಹರಕೆಯಲ್ಲ, ಅಪರಾಧ. ಇನ್ನು ಬಿಳಿ ಕೋಟಿನ ಮಾಟಗಾರರೂ ಇದ್ದಾರೆ. ಸ್ಟೆಮ್ ಸೆಲ್ ಚುಚ್ಚಿಸಿದರೆ ಆಟಿಸಂ ಹೋಗುತ್ತದೆಂದು ಲಕ್ಷಗಟ್ಟಲೆ ಕೇಳುವ ಜಾಹೀರಾತು ಬರುತ್ತವೆ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ತಿಳಿಸಿದೆ. ಹೊಲ ಮಾರುವ ಮೊದಲು ಇದನ್ನು ಓದಿಕೊಳ್ಳಬೇಕು.

ಹಾಗಾದರೆ ಉಪಯೋಗಕ್ಕೆ ಬರುವುದು ಯಾವುದು? ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಕ್ಕಳನ್ನು ಸಾಕುವವರಿಗಾಗಿಯೇ ಒಂದು ತರಬೇತಿ ರೂಪಿಸಿದೆ. ಒಂಬತ್ತು ಸಲ ಗುಂಪಿನಲ್ಲಿ ಕೂಡುವುದು, ಮೂರು ಸಲ ಮನೆಗೆ ಬಂದು ನೋಡುವುದು. ಮಗುವಿನ ಜೊತೆ ಆಟದಲ್ಲಿ ಹೇಗೆ ಸೇರಬೇಕು, ಊಟ ಸ್ನಾನದ ಹೊತ್ತಿನಲ್ಲೇ ಮಾತು ಹೇಗೆ ಕಲಿಸಬೇಕು, ಹಟ ಬಂದಾಗ ಏನು ಮಾಡಬೇಕು, ಕೊನೆಗೆ ಸಾಕುವವರು ತಮ್ಮ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿದೆ. ಇದನ್ನು ನಡೆಸಲು ದೊಡ್ಡ ಡಾಕ್ಟರರೇ ಬೇಕಿಲ್ಲ. ತರಬೇತಿ ಪಡೆದ ಅಂಗಣವಾಡಿ ಸೇವಿಕೆ, ಶಿಕ್ಷಕಿ, ಅನುಭವವಿರುವ ಇನ್ನೊಬ್ಬ ತಾಯಿ ಸಾಕು. ಹುಪರಿಯಲ್ಲಿ, ರೇಂದಾಳದಲ್ಲಿ, ಗಡಹಿಂಗ್ಲಜ ಕಡೆಯ ಕನ್ನಡ ಹಳ್ಳಿಗಳಲ್ಲಿ ಬಚತ ಗಟದ ಹೆಣ್ಣುಮಕ್ಕಳು ಹೇಗೂ ತಿಂಗಳಿಗೊಮ್ಮೆ ಕೂಡುತ್ತಾರೆ. ಅಲ್ಲೇ ಇದಕ್ಕೂ ಜಾಗ ಮಾಡಬಹುದು. ಅವ್ವ ಅಲ್ಲಿ ಕೂತಷ್ಟು ಹೊತ್ತು ಮಗುವನ್ನು ಅಪ್ಪ ನೋಡಿಕೊಳ್ಳಲಿ. ಅಪ್ಪಂದಿರ ಬಗ್ಗೆ ಈ ಲೇಖನ ಹೆಚ್ಚು ಬರೆದಿಲ್ಲ ಎಂದು ಯಾರಿಗಾದರೂ ಅನಿಸಿದರೆ, ದವಾಖಾನೆಯ ಬಾಕಿನ ಮೇಲೆ ಅವರು ಹೆಚ್ಚು ಕಾಣಿಸದಿರುವುದೇ ಕಾರಣ.

2016ರ ಕಾಯ್ದೆಯ 24ನೇ ಕಲಮು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತಾಡುತ್ತದೆ. ಬರೆದದ್ದು ಕೈಗೆ ಸಿಗುವಂತೆ ಮಾಡಲು ಶಾಸಕರನ್ನು ಕೇಳಬೇಕು. ಚುನಾವಣೆಯ ಹೊತ್ತಿನಲ್ಲಿ ಕನ್ನಡದಲ್ಲೇ ಮತ ಕೇಳಿಕೊಂಡು ಬರುತ್ತಾರಲ್ಲ, ಆಗ.

ಶಾಲೆಯ ಮಾತು ಚಿಕ್ಕದಾಗಿ ಹೇಳಿದರೆ ಸಾಕು. 2007ರಲ್ಲಿ "ತಾರೆ ಜಮೀನ್ ಪರ್" ಚಿತ್ರ ಬಂದಾಗ ಎಲ್ಲರೂ ಕಣ್ಣೊರೆಸಿಕೊಂಡೆವು. ಅದರ ಶಾಲೆಯ ದೃಶ್ಯಗಳು ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಪಂಚಗಣಿಯವು. ಚಿತ್ರ ಮುಗಿದ ಮೇಲೆ "ನಿಮ್ಮ ಹುಡುಗನ್ನ ಬ್ಯಾರೆ ಸಾಲಿಗೆ ಹಾಕ್ರಿ" ಎನ್ನುವುದು ಮಾತ್ರ ನಿಲ್ಲಲಿಲ್ಲ. ಕಾಯ್ದೆಯ 31ನೇ ಕಲಮಿನ ಪ್ರಕಾರ ಶೇ. 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಇದೆ, ಶಿಕ್ಷಣ ಉಚಿತ. ಇಂಥ 10 ಮಕ್ಕಳಿಗೆ ಪ್ರಾಥಮಿಕದಲ್ಲಿ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಇಯತ್ತೆಗಳಲ್ಲಿ 15 ಮಕ್ಕಳಿಗೆ ಒಬ್ಬ ಇರಬೇಕೆಂದು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಹೇಳಿತು. ನಿಮ್ಮ ಊರಿನ ಶಾಲೆಗೆ ಆ ಶಿಕ್ಷಕರು ಎಂದು ಬರುತ್ತಾರೆ, ಬಂದರೆ ಕನ್ನಡ ಬರುತ್ತದೆಯೇ ಎಂದು ಶಾಲಾ ಸಮಿತಿಯ ಸಭೆಯಲ್ಲಿ ಕೇಳಿರಿ.

ಹದಿನೆಂಟು ತುಂಬಿದ ಮೇಲಿನ ಮಾತು ಯಾರೂ ಆಡುವುದಿಲ್ಲ. "ನಾವು ಹೋದ ಮ್ಯಾಲ ಇವನ್ನ ಯಾರ ನೋಡ್ಬೇಕು?" ಎಂಬ ಪ್ರಶ್ನೆ ಪ್ರತಿ ತಾಯಿಯ ಎದೆಯಲ್ಲಿ ಇರುತ್ತದೆ. ಹದಿನೆಂಟಾದ ಮೇಲೆ ಹೆತ್ತವರು ಕಾನೂನಿನ ಪ್ರಕಾರ ತಾನಾಗಿಯೇ ಪಾಲಕರಲ್ಲ ಎಂಬುದು ಬ್ಯಾಂಕಿನಲ್ಲಿ ಸಹಿ ಕೇಳಿದಾಗ ಗೊತ್ತಾಗುತ್ತದೆ. ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವ ಪಡೆಯಬೇಕು. ಆಸ್ತಿ ಪಾಲಾಗುವ ಮೊದಲೇ ಈ ಕೆಲಸ ಮುಗಿಸಬೇಕು.

ದುಡಿಮೆಯ ಬಗ್ಗೆ ಹುಪರಿಗೆ ಒಂದು ಅನುಕೂಲವಿದೆ. ಒಂದೇ ನಮೂನೆಯ ಕಡಿಯನ್ನು ದಿನವಿಡೀ ತಪ್ಪದೆ ಕೂಡಿಸುವ ಕೆಲಸ ನಮಗೆ ಬೇಸರ, ಆಟಿಸಂ ಇರುವ ಕೆಲವರಿಗೆ ಅದೇ ಹಿತ. ಎಲ್ಲರಿಗೂ ಅಲ್ಲ, ಇವರೆಲ್ಲ ಪವಾಡ ಪುರುಷರೆಂದು ತಿಳಿಯುವುದೂ ಒಂದು ಮೂಢನಂಬಿಕೆಯೇ. ಕೆಲಸ ಕೊಡುವ ಮಾಲಕರು ಶಾಂತ ಜಾಗ ಕೊಡಲಿ, ಇಂದಿನ ಕೆಲಸ ಯಾವುದೆಂದು ಚಿತ್ರದಲ್ಲೋ ಮಾದರಿಯಲ್ಲೋ ತೋರಿಸಲಿ, ತೂಕದ ಲೆಕ್ಕ ಮಾತ್ರ ಮನೆಯವರೊಬ್ಬರ ಎದುರಿಗೆ ಮಾಡಲಿ. ಲೆಕ್ಕ ಕೇಳಲು ಬಾರದವನ ಕೂಲಿ ಅರ್ಧಕ್ಕೆ ಇಳಿಯುವುದು ನಮ್ಮಲ್ಲಿ ಹೊಸದಲ್ಲ.

ಕೊನೆಯದಾಗಿ ಗಡಿಯಾಚೆಯ ಸರಕಾರಕ್ಕೆ ಒಂದು ಬೇಡಿಕೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯ ಕನ್ನಡಿಗರಿಗಾಗಿಯೇ ಇರುವುದು. ಭವನಕ್ಕೆ, ಉತ್ಸವಕ್ಕೆ ದುಡ್ಡು ಕೇಳುವ ನಮ್ಮ ಸಂಘಗಳು ಈ ಸಲ ಬೇರೆ ಅರ್ಜಿ ಬರೆಯಲಿ. ತಿಂಗಳಿಗೆ ಎರಡು ದಿನ ಕನ್ನಡ ಬಲ್ಲ ವಾಕ್ ಚಿಕಿತ್ಸಕರೊಬ್ಬರನ್ನು ಇಚಲಕರಂಜಿಗೋ ಗಡಹಿಂಗ್ಲಜಕ್ಕೋ ಕಳಿಸಿರಿ. ಅವರು ಬರಲಾಗದ ದಿನ ಮೈಸೂರಿನ ಸಂಸ್ಥೆಯೊಂದಿಗೆ ವಿಡಿಯೊದಲ್ಲಿ ಮಾತಾಡಲು ಒಂದು ಕೋಣೆ, ಒಂದು ಕಂಪ್ಯೂಟರು ಕೊಡಿಸಿರಿ. ರಾಜ್ಯೋತ್ಸವದ ಒಂದು ಪೆಂಡಾಲಿನ ಖರ್ಚಿನಲ್ಲಿ ಎಷ್ಟು ದಿನದ ಓಡಾಟ ನಡೆದೀತೆಂದು ಸಂಘದ ಖಜಾಂಚಿಗಳೇ ಲೆಕ್ಕ ಹಾಕಲಿ.

ಅಲ್ಲಿಯ ತನಕ ಸಂಶಯವಿರುವ ಮನೆಯವರು ಕೂಸಿನ ಜನನ ದಾಖಲೆ, ಆಧಾರ, ಲಸಿಕೆಯ ಕಾರ್ಡು ಒಂದು ಚೀಲದಲ್ಲಿ ಇಟ್ಟುಕೊಳ್ಳಲಿ. ಮಗು ಕನ್ನಡದಲ್ಲಿ ಆಡುವ ಶಬ್ದ, ಮರಾಠಿಯಲ್ಲಿ ಆಡುವ ಶಬ್ದ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ಆಡುವಾಗ, ಸಿಟ್ಟಾದಾಗ ಹೇಗಿರುತ್ತದೆಂದು ಮೊಬೈಲಿನಲ್ಲಿ ನಾಲ್ಕು ನಿಮಿಷ ಚಿತ್ರೀಕರಿಸಿ ಡಾಕ್ಟರರಿಗೆ ತೋರಿಸಲಿ. ಸಾಕುವವರ ಎದೆಯೇ ಒಡೆಯುವಂತಾದರೆ 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಅದು, ಪುಕ್ಕಟೆ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು.